ಬನ್ನಿ ಗಿಡಕ್ಕೆ ಬಿಗಿದ ಸರಪಳಿ

"ಸರಪಳಿ ಎಲ್ಲೈತ್ರಿ?" ಎಂದು ಮರ ನೋಡಲು ಬಂದಿದ್ದ ನಿವೃತ್ತ ಫಾರೆಸ್ಟ್ ಗಾರ್ಡ್ ಕೇಳಿದರು. ಸಂಪಗಾಂವದ ನಮ್ಮ ಓಣಿಯ ಬನ್ನಿ ಮರ ಕವಲಿನಲ್ಲಿ ಸೀಳಿದಾಗ, ಬೀಳದಿರಲೆಂದು ಎರಡೂ ಕೊಂಬೆಗಳಿಗೆ ಟ್ರ್ಯಾಕ್ಟರಿನ ಸರಪಳಿ ಸುತ್ತಿ ಬಿಗಿದವನು ನಾನೇ. ಎಂಟು ವರ್ಷದಲ್ಲಿ ತೊಗಟೆ ಅದನ್ನು ನುಂಗಿಬಿಟ್ಟಿತ್ತು. ಅಲ್ಲಿಂದ ಮೇಲೆ ಮರವೆಲ್ಲ ಒಣಗಿತ್ತು.

"ತೂತು ಕೊರದು ಬೋಲ್ಟ್ ಹಾಕಿದ್ರ ಉಳೀತಿತ್ರಿ" ಎಂದರು.

"ಪೂಜಿ ಮಾಡೋ ಗಿಡಕ್ಕ ತೂತು ಹೆಂಗ ಕೊರಿಯೂದ್ರಿ?" ಎಂದೆ.

"ಆ ಗಾಯ ಮಾಯ್ತಿತ್ರಿ. ನೀವು ಕುತ್ತಿಗಿ ಬಿಗದೀರಿ."

ಈ ದಸರಾಕ್ಕೆ ಬನ್ನಿ ಎಲೆ ತರಲು ಪಕ್ಕದ ಊರಿಗೆ ಹೋದೆವು. ಓಣಿಯ ಹಿರಿಯರ ಕೈಗೆ ಎಲೆ ಕೊಟ್ಟು "ಬಂಗಾರದಂಗ ಇರೋಣ್ರಿ" ಎನ್ನಲು ನನಗೆ ಬಾಯಿ ಬರಲಿಲ್ಲ. ಸರಪಳಿ ಬಿಗಿದ ದಿನ, ಗಿಡ ಉಳಿಸಿದೆ ಎಂದು ನನ್ನ ಬೆನ್ನು ತಟ್ಟಿದವರು ಅವರೇ.