ಕಿವಿಯಲ್ಲಿ ಹೇಳಿದ ಹೆಸರು

ಅಜ್ಜಿಯ ಎರಡು ಮಂಡಿಗಳ ಮೇಲೂ ಎಮ್ಮೆಯ ಕೊಂಬಿನ ಬಣ್ಣದ ಒರಟು ಚರ್ಮವಿತ್ತು. ಸೀರೆ ಎತ್ತಿ ಕಟ್ಟಿ ಅಂಗಳ ಸಾರಿಸುವಾಗ ಅದು ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆ, ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಯಾಕಜ್ಜಿ ಹೀಗಾಗಿದೆ ಎಂದರೆ, ಅರ್ಧ ದೇವರ ಮುಂದೆ ಮಂಡಿಯೂರಿ ಆದದ್ದು, ಇನ್ನರ್ಧ ನಿಮ್ಮ ತಾತನಿಗೆ ಅಂತ ಒಲೆ ಊದಿ ಆದದ್ದು ಎನ್ನುತ್ತಿದ್ದಳು. ಯಾವುದು ಹೆಚ್ಚು ಎಂದು ಕೇಳಿದರೆ ಒಲೆಯದೇ ಹೆಚ್ಚು ಎಂದು ನಗುತ್ತಿದ್ದಳು.

ಹನೂರಿನಾಚೆ, ಕಾಡಂಚಿನ ಒಂದು ಊರಿನಿಂದ ಸತ್ತೇಗಾಲಕ್ಕೆ ಮದುವೆಯಾಗಿ ಬಂದವಳು. ಅವಳ ತವರಿನಲ್ಲಿ ಚರ್ಚಿನ ಪೂಜೆ ಪ್ರಾರ್ಥನೆಯೆಲ್ಲ ತಮಿಳಿನಲ್ಲೇ. ನಮ್ಮೂರಿನಲ್ಲಿ ನಾವು ಬೆರಳೆಣಿಕೆಯ ಮನೆಗಳ ಕ್ರೈಸ್ತರು, ಭಾನುವಾರ ಪೂಜೆಗೆ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಬೇಕು. ಅಜ್ಜಿ ಕನ್ನಡದಲ್ಲಿ ಜಗಳವಾಡುತ್ತಿದ್ದಳು, ತಮಿಳಿನಲ್ಲಿ ಜಪ ಮಾಡುತ್ತಿದ್ದಳು. ಜಪಮಾಲೆಯನ್ನು ಎಲೆಅಡಿಕೆಯ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರಿಂದ ಅದರ ಮಣಿಗಳೆಲ್ಲ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿದ್ದವು. ಅಮ್ಮ ಅದಕ್ಕಾಗಿ ಬೇರೆ ಡಬ್ಬಿ ಕೊಟ್ಟರೆ ಅದರಲ್ಲಿ ಲವಂಗ ತುಂಬಿಟ್ಟಳು.

ನಮ್ಮವರಲ್ಲಿ ಒಂದು ಪದ್ಧತಿಯಿದೆ. ಜೀವ ಹೋಗುವ ಹೊತ್ತಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ‘ಯೇಸು, ಮರಿ, ಸೂಸೈ’ ಎಂದು ಕಿವಿಯಲ್ಲಿ ಹೇಳುತ್ತಿರಬೇಕು. ಯೇಸು, ಅವನ ತಾಯಿ, ಸಾಕುತಂದೆ, ಮೂವರೂ ದಾರಿಗೆ ಜೊತೆಯಾಗುತ್ತಾರೆಂಬ ನಂಬಿಕೆ. ಈ ಕೆಲಸ ಎಲ್ಲರಿಂದಲೂ ಆಗುವುದಿಲ್ಲ. ಹೆತ್ತ ಮಕ್ಕಳು ಅಳುತ್ತಾ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಅಜ್ಜಿಯನ್ನು ಕರೆಯುತ್ತಿದ್ದರು. ಕೊಳ್ಳೇಗಾಲದಿಂದ, ಯಳಂದೂರಿನ ಕಡೆಯಿಂದಲೂ ಆಟೋ ಬರುತ್ತಿತ್ತು. ಅವಳು ಹೋಗಿ ಪಕ್ಕದಲ್ಲಿ ಕುಳಿತ ಮೇಲೆ ರೋಗಿಯ ಉಸಿರಾಟವೇ ನಿಧಾನವಾಗುತ್ತಿತ್ತು ಎಂದು ಜನ ಹೇಳುತ್ತಿದ್ದರು. ವಾಪಸು ಬಂದವಳು ತಲೆಗೆ ನೀರು ಹಾಕಿಕೊಂಡು, ಒಂದು ಲೋಟ ಗಟ್ಟಿ ಕಾಫಿ ಕುಡಿದು ಮಲಗಿಬಿಡುತ್ತಿದ್ದಳು.

ಎದುರುಮನೆಯವರು ಶಿವಭಕ್ತರು, ಗದ್ದೆ ತೆಂಗು ಇದ್ದ ದೊಡ್ಡ ಮನೆ. ಆ ಮನೆಯ ಹಿರಿಯಮ್ಮನ ಗದ್ದೆಯಲ್ಲಿ ಅಜ್ಜಿ ಪ್ರಾಯದಲ್ಲಿ ನಾಟಿ ಹಾಕಿದವಳು. ಆಮೇಲೆ ಇಬ್ಬರಿಗೂ ಕೆಲಸ ಮಾಡಲಾಗದಷ್ಟು ವಯಸ್ಸಾಗಿ, ಒಡತಿ ಆಳೆನ್ನುವುದು ಸವೆದು, ಸಾಯಂಕಾಲ ಜಗುಲಿಯಲ್ಲಿ ಒಂದೇ ಚೀಲದ ಎಲೆಅಡಿಕೆ ಹಂಚಿಕೊಳ್ಳುವುದೊಂದೇ ಉಳಿದಿತ್ತು. ಊರಿನವರ ಸೊಸೆಯಂದಿರನ್ನೆಲ್ಲ ಸಾಲಾಗಿ ಬೈದು ಮುಗಿಸಿ ಏಳುತ್ತಿದ್ದರು. ಆ ಹಿರಿಯಮ್ಮನಿಗೆ ಸಾವೆಂದರೆ ವಿಪರೀತ ಭಯ. ಒಮ್ಮೆ ನನ್ನ ಎದುರಿಗೇ ಅಜ್ಜಿಗೆ ಹೇಳಿದ್ದರು: “ಊರೋರ್ಗೆಲ್ಲ ಓಯ್ತೀಯ. ನನ್ ಗಳಿಗೆ ಬಂದಾಗ್ಲೂ ನೀನೇ ಬಂದು ಕೂತ್ಕಬೇಕು ಕಣಮ್ಮಿ.”

ನಾನು ಹೈಸ್ಕೂಲಿನಲ್ಲಿದ್ದಾಗ ಆ ಗಳಿಗೆ ಬಂತು. ಕಬ್ಬು ಕಡಿಯುವ ಕಾಲ, ಮಧ್ಯಾಹ್ನ. ಗಂಡಸರೆಲ್ಲ ಗದ್ದೆಯಲ್ಲಿದ್ದರು. ಅವರ ಮನೆಗೆ ಪೂಜೆಗೆ ಬರುತ್ತಿದ್ದ ಅಯ್ನೋರು ಹೊನ್ನೂರಿಗೆ ಯಾವುದೋ ಕಾರ್ಯಕ್ಕೆ ಹೋಗಿದ್ದರು. ಹಿರಿಯಮ್ಮನ ಸೊಸೆ ಓಡಿ ಬಂದು ಅಜ್ಜಿಯನ್ನು ಕರೆದುಕೊಂಡು ಹೋದರು, ಹಿಂದೆಯೇ ನಾನೂ ಹೋದೆ. ಹಿರಿಯಮ್ಮ ಕಣ್ಣು ಅಗಲ ಮಾಡಿಕೊಂಡು ಮಂಚದ ಪಟ್ಟಿ ಹಿಡಿದಿದ್ದರು. ಅಜ್ಜಿ ಪಕ್ಕದಲ್ಲಿ ಕುಳಿತು, ರೂಢಿಯಂತೆ ಯೇಸುವಿನ ಹೆಸರಿಗೆ ಬಾಯಿ ತೆರೆದವಳು ಅದನ್ನು ನುಂಗಿಕೊಂಡಳು. ಆಮೇಲೆ ಸೊಸೆಗೆ, ಕತ್ತಿನಲ್ಲಿರುವ ಲಿಂಗ ತೆಗೆದು ಅಂಗೈಯಲ್ಲಿಡು ಎಂದಳು. ತಾನು ಅದನ್ನು ಮುಟ್ಟಲಿಲ್ಲ, ಮುಚ್ಚಿದ ಆ ಮುಷ್ಟಿಯನ್ನು ಮಾತ್ರ ಹೊರಗಿನಿಂದ ಎರಡು ಕೈಯಲ್ಲೂ ಹಿಡಿದುಕೊಂಡಳು. ಕಿವಿಯ ಹತ್ತಿರ ಬಾಗಿ, “ಶಿವಾ ಅನ್ನಕ್ಕಾ. ಶಿವಾ, ಶಿವಾ” ಎಂದು ಹೇಳತೊಡಗಿದಳು. ನಮ್ಮವರಿಗೆ ಆ ಮೂರು ಹೆಸರು ಹೇಳುತ್ತಿದ್ದ ಅದೇ ದನಿಯಲ್ಲಿ, ಅಷ್ಟೇ ನಿಧಾನವಾಗಿ ಹೇಳಿದಳು. ಹಿರಿಯಮ್ಮನ ತುಟಿ ಅಲುಗಿತು, ಮಂಚ ಹಿಡಿದಿದ್ದ ಕೈ ಸಡಿಲವಾಯಿತು. ಮಗ ಗದ್ದೆಯಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇದನ್ನು ಅಜ್ಜಿ ಹೇಳದೇ ಇದ್ದಿದ್ದರೆ ಕೊಳ್ಳೇಗಾಲದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಬಚ್ಚಿಟ್ಟುಕೊಳ್ಳುವವಳಲ್ಲ. ಆ ವರ್ಷ ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದಾಗ, ಸೊಸೆಯ ಮೇಲೆ ರೇಗಿದ್ದು, ಶುಕ್ರವಾರವೆಂಬುದು ಮರೆತು ಕೋಳಿ ಸಾರು ತಿಂದದ್ದು ಎಲ್ಲ ಹೇಳಿ ಕೊನೆಗೆ ಇದನ್ನೂ ಹೇಳಿದಳು. ಫಾದರ್ ಕೆಟ್ಟವರಲ್ಲ, ವಯಸ್ಸಾದವರು, ನಿಯಮದವರು. ನನ್ನ ಹೊರತು ಬೇರೆ ದೇವರಿಲ್ಲ ಎಂಬುದು ಮೊದಲ ಕಟ್ಟಳೆಯಲ್ಲವೇ, ತಪ್ಪಾಯಿತು ಎಂದು ಒಂದು ಮಾತು ಹೇಳಿ, ಕ್ಷಮೆ ಕೊಡುತ್ತೇನೆ ಎಂದರಂತೆ, ಮನೆಗೆ ಬಂದು ಅವಳೇ ಹೇಳಿದ್ದು. ಅಜ್ಜಿ ಕೋಳಿ ಸಾರಿಗೆ ತಪ್ಪಾಯಿತು ಎಂದಳು, ಇದಕ್ಕೆ ಅನ್ನಲಿಲ್ಲ. ಪಶ್ಚಾತ್ತಾಪವಿಲ್ಲದೆ ಕ್ಷಮೆಯಿಲ್ಲ, ಕ್ಷಮೆಯಿಲ್ಲದೆ ಪರಮಪ್ರಸಾದವಿಲ್ಲ, ಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿಯಿಲ್ಲ. ಅಲ್ಲಿಗೆ ನಿಂತಿತು.

ಅವತ್ತಿನಿಂದ ಅಜ್ಜಿ ಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟಳು. ಪೂಜೆ ಮಾತ್ರ ಬಿಡಲಿಲ್ಲ. ಸೆರಗು ಹೊದ್ದು ಬಂದು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ, ಪ್ರಸಾದಕ್ಕೆ ಎಲ್ಲರೂ ಸಾಲಾಗಿ ಎದ್ದಾಗ ಬೆಂಚಿನಲ್ಲೇ ಉಳಿಯುತ್ತಿದ್ದಳು. ಅವಳನ್ನು ದಾಟಿ ಹೋಗುವವರಿಗೆಂದು ಮಂಡಿಗಳನ್ನು ಪಕ್ಕಕ್ಕೆ ತಿರುಗಿಸಿಕೊಡುತ್ತಿದ್ದಳು. ಜನ ನೋಡುತ್ತಿದ್ದರು. ಆ ಕಡೆ ಈ ಕಡೆ ಮಾತೂ ಹುಟ್ಟಿತು. ಅಮ್ಮನಿಗೆ ತಲೆ ಎತ್ತಲಾಗದಷ್ಟು ಸಂಕಟ. ಬಾಯಿಮಾತಿಗೆ ಹೇಳಿಬಿಡಿ ಅತ್ತೆ, ಮುಗಿಯುತ್ತದೆ ಎಂದು ಅಂಗಲಾಚಿದರೆ ಅಜ್ಜಿ ಕಿಡಿಕಿಡಿಯಾದಳು. “ದೇವ್ರ ಮುಂದೆ ಬಾಯ್ಮಾತಾ? ಕತ್ಲಿಗೆ ಓಗ್ತಾ ಇರೋರ್ಗೆ ಗುರ್ತಿಲ್ದಿರೋ ಹೆಸ್ರು ಹೇಳುದ್ರೆ ಇನ್ನೂ ಭಯ ಬೀಳ್ತಾರೆ. ಆಯಮ್ಮಂಗೆ ಗುರ್ತಿರೋ ಹೆಸ್ರು ಹೇಳ್ದೆ. ಅದ್ರಲ್ಲಿ ಏನ್ ತಪ್ಪು?”

ಹಾಗೆಂದು ಅವಳು ನೆಮ್ಮದಿಯಾಗಿದ್ದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಾಯಂಕಾಲ ಹಿತ್ತಲಿನಲ್ಲಿ ಜಪಮಾಲೆ ಹಿಡಿದು ಕುಳಿತವಳ ಕೆನ್ನೆ ಒದ್ದೆಯಾಗಿತ್ತು. ನಾನು ಏನೂ ಕೇಳಿರಲಿಲ್ಲ, ಅವಳೇ ಹೇಳಿದಳು: “ಅತ್ಲಾಗಿ ಓದ್ಮೇಲೆ ನಿಮ್ ತಾತ ಇರೋ ಕಡೀಕೆ ನನ್ನ ಬುಡ್ದೇ ಓದ್ರೆ ಏನ್ ಮಾಡ್ಲಿ ಮಗ?” ತಾತ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಸ್ವರ್ಗ ಎನ್ನುವುದು ಅವಳಿಗೆ ಮಾತಿನ ವಿಷಯವಾಗಿರಲಿಲ್ಲ, ಕೊಳ್ಳೇಗಾಲದಷ್ಟೇ ನಿಜವಾದ ಊರು. ಅದರ ಬಾಗಿಲು ಮುಚ್ಚಿದರೂ ಮುಚ್ಚಲಿ ಎಂದು ಧೈರ್ಯವಾಗಿ ಕುಳಿತಿರಲಿಲ್ಲ ಅವಳು, ನಡುಗುತ್ತಲೇ ಕುಳಿತಿದ್ದಳು. ಹಾಗಿದ್ದೂ ಆ ಒಂದು ಮಾತು ಹೇಳಲಿಲ್ಲ.

ವಯಸ್ಸಾದ ಫಾದರ್‌ಗೆ ವರ್ಗವಾಯಿತು. ಹೊರಡುವ ಮುಂಚೆ ಮನೆಗೆ ಬಂದು ಕಾಫಿ ಕುಡಿದು, ಈಗಲಾದರೂ ಆ ಮಾತು ಹೇಳುತ್ತೀರಾ ಎನ್ನುವಂತೆ ಅಜ್ಜಿಯ ಮುಖ ನೋಡಿದರು. ಅಜ್ಜಿ ಅವರ ಕೈಗೆ ಕೊಬ್ಬರಿ ಮಿಠಾಯಿಯ ಪೊಟ್ಟಣ ಕೊಟ್ಟಳು. ಆಮೇಲೆ ಬಂದವರಿಗೂ ಅವಳು ಈ ವಿಷಯ ಎತ್ತಲಿಲ್ಲ. ಒಬ್ಬರು ಇಲ್ಲವೆಂದದ್ದನ್ನು ಇನ್ನೊಬ್ಬರ ಹತ್ತಿರ ಕೇಳುವುದು ಅವಳಿಗೆ ಕಳ್ಳತನದಂತೆ ಕಾಣುತ್ತಿತ್ತು. ಹೀಗೆಯೇ ವರ್ಷಗಳು ಕಳೆದವು. ಸಾಯುವವರ ಮನೆಯಿಂದ ಕರೆ ಬರುವುದು ಮಾತ್ರ ನಿಲ್ಲಲಿಲ್ಲ. ಬೆಂಚಿನಲ್ಲಿ ಅವಳನ್ನು ಕಂಡು ಮೂಗು ಮುರಿದವರ ಮನೆಗೂ ಹೋಗಿ ಕುಳಿತಳು.

ಕಳೆದ ವರ್ಷ ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದಾಗ ಅಮ್ಮ ಕೊಳ್ಳೇಗಾಲಕ್ಕೆ ಫೋನು ಮಾಡಿದರು. ಹೊಸದಾಗಿ ಬಂದಿದ್ದ ಹುಡುಗುಮುಖದ ಫಾದರ್ ಕೊನೆಗಾಲದವರಿಗೆ ಹಚ್ಚುವ ಎಣ್ಣೆ ಮತ್ತು ಪ್ರಸಾದ ಹಿಡಿದುಕೊಂಡು ಬೈಕಿನಲ್ಲಿ ಬಂದರು. ಪಾಪನಿವೇದನೆ ಕೇಳಬೇಕೆಂದು ನಮ್ಮನ್ನು ಹೊರಗೆ ಕಳಿಸಿದರು. ಅಮ್ಮ ಅಂಗಳದಲ್ಲಿ ನಿಂತು ಒಂದೇ ಸಮನೆ ಪ್ರಾರ್ಥಿಸುತ್ತಿದ್ದರು, ಈಗಲಾದರೂ ಹೇಳಿಬಿಡಲಿ ಎಂದು. ಬಹಳ ಹೊತ್ತಾದ ಮೇಲೆ ಫಾದರ್ ನಮ್ಮನ್ನು ಒಳಗೆ ಕರೆದರು. ಅಜ್ಜಿ ಹಳೇ ಕಾಲದವರ ಹಾಗೆ ನಾಲಿಗೆ ಚಾಚಿ ಪ್ರಸಾದ ತೆಗೆದುಕೊಂಡಳು. ಗಲ್ಲದ ಕೆಳಗೆ ಅಮ್ಮ ಬಿಳಿ ವಸ್ತ್ರ ಹಿಡಿದಿದ್ದರು. ಅಂತೂ ಅತ್ತೆ ಸೋತರು ಎಂದೇ ಅಮ್ಮ ತಿಳಿದಿದ್ದು. ಆ ಸಂತೋಷಕ್ಕೇ ಅವರು ಅತ್ತರು.

ಆ ವಾರವೇ ಅಜ್ಜಿ ಹೋದಳು. ಅಮ್ಮನೇ ಕಿವಿಯಲ್ಲಿ ಹೆಸರು ಹೇಳಿದರು, ಅಳುತ್ತಿದ್ದರೂ ಅರ್ಧಕ್ಕೆ ನಿಲ್ಲಿಸಲಿಲ್ಲ. ಕೊಳ್ಳೇಗಾಲದಲ್ಲಿ ತಾತನ ಪಕ್ಕದಲ್ಲೇ ಮಣ್ಣು ಮಾಡಿದೆವು.

ತಪ್ಪೆನಿಸದ ವಿಷಯಕ್ಕೂ ಸುಮ್ಮನೆ ಮುಗಿಯಲಿ ಎಂದು ‘ಸಾರಿ’ ಅಂದುಕೊಂಡು ಬದುಕುವವಳು ನಾನು. ಆಫೀಸಿನಲ್ಲಿ, ಮನೆಯಲ್ಲಿ ಅದು ಬಾಯಿಗೆ ಬಂದಾಗಲೆಲ್ಲ ಈಗ ಒಂದು ಕ್ಷಣ ತಡೆಯುತ್ತೇನೆ. ನನ್ನ ಮೇಲಿರುವ ಅಜ್ಜಿಯ ಋಣ ಅದು. ಯಾಕೆಂದರೆ ಅಮ್ಮನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತು. ಫಾದರ್ ಹೋದ ಮೇಲೆ, ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಾ, ಕೊನೆಗೂ ತಪ್ಪಾಯಿತು ಅಂದೆಯಾ ಅಜ್ಜಿ ಎಂದು ಕೇಳಿದ್ದೆ. ಅವಳು ಚಮಚ ಪಕ್ಕಕ್ಕೆ ಸರಿಸಿದಳು.

“ಅನ್ನಿಲ್ಲ ಕಣವ್ವ. ನಡ್ದಿದ್ದೆಲ್ಲ ಹೇಳ್ದೆ, ಆ ಮಾತು ಮಾತ್ರ ಅನ್ನಿಲ್ಲ. ಸಾಮಿನೂ ಅದ ಕೇಳ್ನಿಲ್ಲ. ಆಯಮ್ಮ ಭಯ ಇಲ್ದಂಗೆ ಓದ್ರಾ ಅಂತ ಕೇಳುದ್ರು. ಊಂ ಸಾಮಿ, ಭಯ ಬುಟ್ಟು ಓದ್ಲು ಅಂದೆ. ಸರಿ, ಮನೆಯೋರ್ನೆಲ್ಲ ಒಳೀಕೆ ಕರೀತೀನಿ ಅಂದ್ರು.”