ನಂಗೂ ಅಕ್ಕ
ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಅವರಿಗೆ ಬಿದ್ದಿರುವ ಹೆಸರು ‘ನಂಗೂ ಅಕ್ಕ’. ಯಾರು ಏನೇ ಹೇಳಿಕೊಂಡರೂ, “ನಂಗೂ ಹಂಗೇ ಆಗಿತ್ತು,” ಎಂದೇ ಅವರು ಮಾತು ಶುರುಮಾಡುವುದು. ಅದು ಬರೀ ಬಾಯಿಮಾತಲ್ಲ. ಹನ್ನೆರಡು ವರ್ಷದ ಹಿಂದೆ ತಾವೇ ರೋಗಿಯಾಗಿ ಇದೇ ಕೇಂದ್ರದ ಬೆಂಚಿನ ಮೇಲೆ ತಮ್ಮನ ಕೈ ಹಿಡಿದು ಕೂತಿದ್ದರು. ಗುಣವಾದ ಮೇಲೆ ಆ ಅನುಭವವೇ ಅವರ ಕೆಲಸವಾಯಿತು; ರೋಗಿಗಳ ಜೊತೆ ಮಾತಾಡಲು, ಅವರ ಮನೆಗೆ ಹೋಗಿ ವಿಚಾರಿಸಲು ಕೇಂದ್ರದವರೇ ಅವರನ್ನು ಇಟ್ಟುಕೊಂಡರು. ಡಾಕ್ಟರು ಐದು ನಿಮಿಷ ನೋಡಿ ಕಳಿಸಿದವರನ್ನು ಅಕ್ಕ ಐವತ್ತು ನಿಮಿಷ ಕೂರಿಸಿಕೊಳ್ಳುತ್ತಾರೆ. ಲಿಫ್ಟ್ ಇಲ್ಲದ ಮನೆಗಳೇ ಅವರ ಪಾಲಿಗೆ ಬರುವುದರಿಂದ ಊರಿನ ಮೆಟ್ಟಿಲುಗಳೆಲ್ಲ ಅವರ ಮಂಡಿಗೆ ಬಾಯಿಪಾಠವಾಗಿವೆ. ಸಂಜೆ ವರದಿ ಬರೆಯಲು ಕೂತರೆ ಕಣ್ಣು ಎಳೆಯುತ್ತದೆ. “ಮೂರು ಗಂಟೆ ಅಲ್ಲೇನ್ ಮಾಡಿದ್ರಿ?” ಎಂದು ಮೇಲಧಿಕಾರಿ ಕೇಳಿದರೆ, “ಜೊತೆಗೆ ಕೂತಿದ್ದೆ ಸಾರ್,” ಎನ್ನುತ್ತಾರೆ. ಕಳೆದ ವಾರ, ಹೆಂಡತಿ ತೀರಿಕೊಂಡ ಮೇಲೆ ಯಾರಿಗೂ ಬಾಗಿಲು ತೆಗೆಯದ ವಯಸ್ಸಾದ ದರ್ಜಿಯೊಬ್ಬರ ಮನೆಗೆ ಅವರನ್ನು ಕಳಿಸಿದರು. ಅಕ್ಕ ಮೂರು ದಿನ ಬೆಳಿಗ್ಗೆ ಹೊರಗೆ ಕೂತು, ತಾವು ಹಾಸಿಗೆ ಬಿಟ್ಟೇಳದಿದ್ದ ದಿನಗಳ ಕತೆಯನ್ನು ಮುಚ್ಚಿದ ಬಾಗಿಲಿಗೇ ಹೇಳಿದರು. ಮೂರನೆಯ ದಿನ ಚಿಲಕ ಸರಿಯಿತು. ದರ್ಜಿ ಅವರ ಮುಖವನ್ನೇ ನೋಡಿ, “ತಿಂಡಿ ಆಯ್ತೇನಮ್ಮ?” ಎಂದರು. ದಿನಕ್ಕೆ ಹತ್ತು ಜನರನ್ನು ವಿಚಾರಿಸುವ ಅಕ್ಕನನ್ನು ಯಾರಾದರೂ ಹಾಗೆ ವಿಚಾರಿಸಿ ಎಷ್ಟೋ ಕಾಲವಾಗಿತ್ತು. ಆಯ್ತು ಎನ್ನಲು ಬಾಯಿ ತೆರೆದವರು, “ಇಲ್ಲ ಯಜಮಾನ್ರೇ, ತುಂಬಾ ಸುಸ್ತಾಗಿದೆ,” ಎಂದು ಅಲ್ಲೇ ಅತ್ತುಬಿಟ್ಟರು. ದರ್ಜಿ ಬಾಗಿಲನ್ನು ಪೂರ್ತಿ ತೆರೆದು, “ಬಾಮ್ಮ, ಒಳಗೆ ಬಾ,” ಎಂದವರೇ ಎಷ್ಟೋ ದಿನದ ಮೇಲೆ ಒಲೆ ಹಚ್ಚಲು ಹೋದರು.