ನುಗ್ಗೆಗಿಡದ ನೆರಳಿನಲ್ಲಿ ಗುಂಡ್ಯಾ

ಆಗ ಗಜೇಂದ್ರಗಡದ ನಮ್ಮ ಓಣಿಗೆ ಗಡಿಯಾರದ ಹಂಗಿರಲಿಲ್ಲ. ಹೊತ್ತು ಹೇಳುತ್ತಿದ್ದುದು ಮಗ್ಗದ ಸದ್ದು. ಆ ದಿನ ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಅವ್ವ ರಾಟಿ ತಿರುಗಿಸುತ್ತ ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಹೊಸ್ತಿಲ ಬಳಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ನನಗೆ ಎಂಟು ವರ್ಷ. ಹರಿದ ಎಳೆಗೆ ಗಂಟು ಹಾಕುವುದನ್ನು ಕಲಿಯುತ್ತಿದ್ದೆ. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಸಿಪಾಯಿಯಾಗಿದ್ದ ನನ್ನ ಸೋದರಮಾವ ಬುಟ್ಟಿ ಹಿಡಿದು ಬಂದದ್ದು ಆಗಲೇ. ದೀಪಾವಳಿ ಮುಗಿದು ವಾರವಾಗಿತ್ತು.

ಬುಟ್ಟಿಯೊಳಗೆ ಅರ್ಧ ಬಿಳಿ, ಅರ್ಧ ಕಂದು ಬಣ್ಣದ ಒಂದು ಮುದ್ದೆ. ಅದಕ್ಕೆ ಎರಡು ಕರಿಮಣಿ ಕಣ್ಣು.

“ನೇಕಾರ್ರ ಮನಿಗೆ ಇಲಿ ತರ್ತಾರೇನೋ ಹುಚ್ಚಪ್ಪಾ?” ಆಯಿ ಕುಟ್ಟುವುದನ್ನು ಬಿಟ್ಟು ಎದ್ದಳು. “ಇದು ನೂಲ ಕಡದ್ರ ನೀ ಬಂದು ನೇಯ್ತಿ ಏನು?”

“ಇಲಿ ಅಲ್ರಿ ಯವ್ವಾ, ಗಿನಿಪಿಗ್. ನೋಡ್ರಿ, ಬಾಲಾನ ಇಲ್ಲ.”

“ಬಾಲ ಹುಬ್ಬಳ್ಳ್ಯಾಗ ಬಿಟ್ಟು ಬಂದೈತೇನು, ನೀ ಬುದ್ಧಿ ಬಿಟ್ಟು ಬಂದಂಗ?”

ಅಪ್ಪ ನಕ್ಕುಬಿಟ್ಟ. ದವಾಖಾನೆಯಲ್ಲಿ ಪರೀಕ್ಷೆಗೆಂದು ಸಾಕಿದವುಗಳಲ್ಲಿ ಇದೊಂದು ಬೇಡವಾಗಿ ಉಳಿದಿತ್ತಂತೆ; ಮಾಮಾ ನನಗಾಗಿ ಬೇಡಿ ತಂದಿದ್ದ. “ಏನ್ ಹಾಕಿದ್ರೂ ತಿಂತೈತಿ” ಎಂದು ಹೇಳಿ ಸಂಜೆಯ ಮೋಟಾರಿಗೆ ಹೊರಟುಹೋದ.

ನಾನು ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟೆ. ಚಳಿಗಾಲದಲ್ಲಿ ಹೊಲದವರು ತರುತ್ತಿದ್ದ ಹಸಿ ಕಡಲೆಗಿಡ, ಕರಿಕೆ ಹುಲ್ಲು ಎಲ್ಲವನ್ನೂ ಗುಂಡ್ಯಾ ಕರಕರ ತಿಂದ. ಅಪ್ಪ ಬೆಳಿಗ್ಗೆ ಮೊದಲ ಲಾಳಿ ಎಸೆದ ಕೂಡಲೇ ಬುಟ್ಟಿಯೊಳಗಿಂದ ಸೀಟಿ ಹೊಡೆದಂತೆ ಕೂಗುತ್ತಿದ್ದ. “ಏಳ್ರಿ, ಸಾಹೇಬ್ರು ಎದ್ರು” ಎನ್ನುತ್ತಿದ್ದಳು ಆಯಿ. ನೂಲು ಕಡಿಯುತ್ತಾನೆಂದು ದಿನಾ ಬಯ್ಯುತ್ತಲೇ ಅವನನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಣಿಗೆಲ್ಲ ತೋರಿಸಿ ಬಂದವಳೂ ಅವಳೇ. ಅವನು ಒಂದು ಎಳೆಯನ್ನೂ ಕಡಿಯಲಿಲ್ಲ.

ಯುಗಾದಿ ದಾಟಿತು. ಎರೆಹೊಲ ಬಾಯಿ ಬಿಟ್ಟವು; ಹುಲ್ಲೆಲ್ಲ ಒಣಗಿ ಪುಡಿಯಾಯಿತು. ಆದರೆ ನೇಕಾರರ ಮನೆಯಲ್ಲಿ ಗಂಜಿಗೇನು ಬರ? ನೂಲಿಗೆ ಹಚ್ಚಲು ಕುದಿಸಿದ ಜೋಳದ ಗಂಜಿಯ ಮೊದಲ ಬಟ್ಟಲು ಗುಂಡ್ಯಾನಿಗೇ. ಮೇಲೆ ರೊಟ್ಟಿಯ ಚೂರು. ಅವನು ಮೀಸೆಗೆಲ್ಲ ಗಂಜಿ ಮೆತ್ತಿಕೊಂಡು ತಿನ್ನುತ್ತಿದ್ದರೆ ನಾವೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದೆವು.

ಒಂದು ದಿನ ಅವನ ಹಿಂಗಾಲು ಏಳಲಿಲ್ಲ. ಕೀಲು ಬಾತಿದ್ದವು. ಎತ್ತಿದರೆ ಚೀರುತ್ತಿದ್ದ, ವಸಡಿನಲ್ಲಿ ರಕ್ತ. ಅಪ್ಪ ಮಾಮಾಗೆ ಕಾರ್ಡು ಬರೆದು ಹಾಕಿದ. ಅಸೂಟಿಯಿಂದ ಸಂತೆಗೆ ಬಂದಿದ್ದ ದನದ ವೈದ್ಯನ ಮುಂದೆ ನಾನು ಬುಟ್ಟಿ ಇಟ್ಟೆ.

“ಎತ್ತು ಆಗಿದ್ರ ನಾಲಿಗಿ ಜಗ್ಗಿ ನೋಡ್ತಿದ್ನಿ. ಇದಕ ಏನ್ ಹಿಡಿದು ಜಗ್ಗಲಿ?” ಎಂದು ನಕ್ಕ ಮುದುಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ. “ಬಿಸಲು ಭಾಳ ಐತಿ. ತಂಪಿನ್ಯಾಗ ಇಡವಾ ತಂಗಿ.”

ನಮ್ಮ ಹಿತ್ತಲಲ್ಲಿ ತಂಪೆಂದರೆ ಬಚ್ಚಲ ನೀರು ಕುಡಿದು ಬೇಸಿಗೆಯಲ್ಲೂ ಹಸುರಾಗಿದ್ದ ನುಗ್ಗೆಗಿಡವೊಂದೇ. ಅದರ ಕೆಳಗೆ ಬುಟ್ಟಿ ಇಟ್ಟುಕೊಂಡು ನಾಲ್ಕು ದಿನ ಕೂತೆ. “ಬ್ಯಾನಿ ಬಿದ್ದವರಿಗೆ ಗಂಜೀನ ಚಲೋ” ಎಂದು ಆಯಿ ಇನ್ನಷ್ಟು ತೆಳ್ಳಗೆ ಕಾಸಿ ಕೊಟ್ಟಳು. ಅರಳೆಯ ತುದಿಯಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟೆ. ಮೊದಲೆರಡು ದಿನ ಮಗ್ಗದ ಸದ್ದಿಗೆ ಕಿವಿ ಅಲುಗಿಸುತ್ತಿದ್ದ. ಐದನೆಯ ಬೆಳಿಗ್ಗೆ ಅಪ್ಪ ಲಾಳಿ ಎಸೆದ. ಬುಟ್ಟಿಯಿಂದ ಸದ್ದು ಬರಲಿಲ್ಲ.

ನಾನು ಅತ್ತದ್ದು ಕೇಳಿ ಅಪ್ಪ ಕುಣಿಯಿಂದ ಮೇಲೆ ಬಂದ. ಕೆಲಸದ ದಿನ ನಮ್ಮಲ್ಲಿ ಮಗ್ಗ ನಿಲ್ಲುತ್ತಿದ್ದುದು ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ. ಸದ್ದು ನಿಂತು ತುಸು ಹೊತ್ತಾಗಿರಲಿಲ್ಲ, ಪಕ್ಕದ ಮನೆಯ ಶಾಂತಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಯಾಕ್ರಿ ಯವ್ವಾ, ಮಗ್ಗ ನಿಂತೈತಿ? ಯಾರಿಗೇನಾತು?”

ಇಲಿ ಎಂದು ಬಯ್ಯುತ್ತಿದ್ದ ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಮ್ಮ ಮನ್ಯಾಗಿನಾಂವ ಒಬ್ಬ ಹೋದ್ನವಾ.”

ಶಾಂತಕ್ಕ ನಗಲಿಲ್ಲ. ಅಪ್ಪ ನುಗ್ಗೆಗಿಡದ ಬುಡದಲ್ಲೇ ಗುಂಡಿ ತೋಡಿದ. ಹಾಸಲು ಅವ್ವ ಹೊಸ ಸೀರೆಯ ತುಂಡು ಕೊಟ್ಟಳು.

ಈಗ ಆ ಮನೆಯಲ್ಲಿ ಮಗ್ಗವಿಲ್ಲ. ಕುಣಿ ಮುಚ್ಚಿ ಫರಸಿಕಲ್ಲು ಹಾಕಿದ್ದಾರೆ. ಓಣಿ ಹಗಲೆಲ್ಲ ಸುಮ್ಮನಿರುತ್ತದೆ. ಒಂದು ಮನೆ ಸುಮ್ಮನಾದರೆ ಹಿಟ್ಟಿನ ಕೈಯಲ್ಲಿ ಓಡಿ ಬರುವವರು, ಬರಬೇಕೆಂದರೂ, ಹೇಗೆ ತಿಳಿದು ಬಂದಾರು?

ಗುಂಡ್ಯಾ ಹೋದ ಮೂರನೆಯ ದಿನ ಮಾಮಾ ಬಂದ. ಕಾರ್ಡು ತಡವಾಗಿ ಮುಟ್ಟಿತ್ತಂತೆ. ಕೈಚೀಲದ ತುಂಬ ಮೆಂತ್ಯೆ, ಕೊತ್ತಂಬರಿ, ರಾಜಗಿರಿ ಸೊಪ್ಪು. ಬಾಡದಿರಲೆಂದು ಒದ್ದೆ ಅರಿವೆ ಸುತ್ತಿದ್ದ.

“ಲಗೂ ಹಾಕ್ರಿ ಅಕ್ಕಾ. ಹಸರ ಸೊಪ್ಪು ಇಲ್ಲಂದ್ರ ಇವಕ್ಕ ಈ ಬ್ಯಾನಿ ಬರತೈತಂತ. ದವಾಖಾನ್ಯಾಗ ದಿನಾ ಹಾಕ್ತಿದ್ರು, ನಿಮಗ ಹೇಳೂದ ಮರತ್ನಿ. ಎಲ್ಲಿ ಐತಿ ಅದು?”

ನಾನು ಅವನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು ಗುಂಡಿಯ ಮಣ್ಣು ತೋರಿಸಿದೆ. ಮಾಮಾ ಮಣ್ಣು ನೋಡಿದ. ಆಮೇಲೆ ತಲೆ ಎತ್ತಿ, ಕೈಗೆ ಎಟುಕುವಷ್ಟು ಕೆಳಗೆ ತೂಗುತ್ತಿದ್ದ ನುಗ್ಗೆಸೊಪ್ಪನ್ನು ಬಹಳ ಹೊತ್ತು ನೋಡುತ್ತ ನಿಂತ. ಚೀಲವನ್ನು ಕಟ್ಟೆಯ ಮೇಲೆ ಇಟ್ಟು, ನೀರೂ ಕುಡಿಯದೆ ಮೋಟಾರಿಗೆ ಹೋದ.